ಗುಂಡು ತೋಪಿನಲ್ಲಿ ಫಿರಂಗಿ ಇರಲಿಲ್ಲ

"ಗುಂಡು ತೋಪು ಅಂದ್ರೆ ಗನ್ ಇರೋ ಜಾಗಾನಾ ಅಮ್ಮ?"

ಏಳು ವರ್ಷದ ಮಗಳು ಹಿಂದಿನ ಸೀಟಿನಿಂದ ಈ ಪ್ರಶ್ನೆ ಎಸೆದಾಗ ನಾವು ದೇವನಹಳ್ಳಿ ದಾಟಿ ವಿಜಯಪುರದ ಕಡೆಗೆ ಹೋಗ್ತಾ ಇದ್ವಿ. ಜಂಗಮಕೋಟೆ ಹೋಬಳಿಯ ಒಂದು ಹಳ್ಳಿ ನನ್ನ ಅಜ್ಜಿಯ ಊರು. "ತೋಪಿನ ಹತ್ರ ಕಾರು ನಿಲ್ಸಿ, ಅಲ್ಲಿಂದ ನಡ್ಕೊಂಡು ಬನ್ನಿ" ಅಂತ ಅಜ್ಜಿ ಫೋನಲ್ಲಿ ಹೇಳಿದ್ದನ್ನ ಮಗಳು ಕೇಳಿಸಿಕೊಂಡಿದ್ದಳು. ಅವಳ ತಪ್ಪೇನೂ ಇಲ್ಲ. ಗುಂಡು ಅಂದರೆ ಗುಂಡು, ತೋಪು ಅಂದರೆ ಫಿರಂಗಿ. ಹತ್ತಿರದಲ್ಲೇ ಟಿಪ್ಪು ಹುಟ್ಟಿದ ಊರು, ಆ ಕಡೆ ನಂದಿಯ ಕೋಟೆ. ಎರಡು ಸೇರಿಸಿದರೆ ಯಾವ ಮಗುವಾದರೂ ಯುದ್ಧ ಅಂದುಕೊಳ್ಳತ್ತೆ.

ಅದಕ್ಕೆ ಹಿಂದಿನ ಭಾನುವಾರ ನಾವು ಒಂದು ಮಾಲ್‌ನ ಪ್ಲೇ ಏರಿಯಾದಲ್ಲಿದ್ವಿ. ಪ್ಲಾಸ್ಟಿಕ್ ಚೆಂಡುಗಳ ಕೊಳ, ರಬ್ಬರ್ ಹುಲ್ಲು, ಗಂಟೆ ಲೆಕ್ಕದ ಟಿಕೆಟ್. ಮಗುವಿನ ಜೊತೆ ಒಳಗೆ ಹೋಗೋ ಅಪ್ಪ ಅಮ್ಮನಿಗೂ ಟಿಕೆಟ್, ಕಾಲಿಗೆ ಹಾಕಿಕೊಳ್ಳೋ ಸಾಕ್ಸಿಗೂ ದುಡ್ಡು. ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲ ಸೇರಿ ಹೊರಗೆ ಬರೋ ಹೊತ್ತಿಗೆ ಎರಡು ಸಾವಿರ ರೂಪಾಯಿ ಹತ್ತಿರ ಹತ್ತಿರ ಕರಗಿತ್ತು. ಮಗಳು ಖುಷಿಯಾಗಿದ್ದಳು, ಅದು ಸುಳ್ಳಲ್ಲ. ಆದರೆ ಮನೆಗೆ ಬಂದು "ನಾಳೆ ಏನು ಮಾಡೋಣ?" ಅಂದಳು. ನಾಳೆಗೂ ಇದೇ ರೇಟಾದರೆ ನಾವು ಆಡೋದನ್ನ ಸಾಲ ಮಾಡಿ ಕಲಿಸಬೇಕಾಗತ್ತೆ.

ಬಿಲ್ ನೋಡುತ್ತಾ ಒಂದು ಯೋಚನೆ ಬಂತು. ಮಕ್ಕಳನ್ನು ಕರೆದುಕೊಂಡು ದುಡ್ಡಿಲ್ಲದೆ ಹೋಗಿ ಕೂರಬಹುದಾದ ಜಾಗ ನಮ್ಮ ಕಡೆ ಯಾವಾಗ ಶುರುವಾಯ್ತು? ಯಾರು ಮಾಡಿದ್ದು? ಯಾರಿಗೆ ಮಾಡಿದ್ದು? ಪಾರ್ಕ್ ಅಂದ ತಕ್ಷಣ ಬ್ರಿಟಿಷರು ನೆನಪಾಗ್ತಾರೆ. ಆದರೆ ಬೆಂಗಳೂರಿನಿಂದ ಜಂಗಮಕೋಟೆವರೆಗಿನ ದಾರಿಯಲ್ಲಿ ಸುಮ್ಮನೆ ಒಂದು ಸಲ ಹೋಗಿ ಬಂದರೆ ಈ ಕಥೆಯ ಎಲ್ಲ ಅಧ್ಯಾಯಗಳೂ ಸಿಗುತ್ತವೆ. ಆ ದಾರಿಯಲ್ಲೇ ಹೋಗೋಣ ಬನ್ನಿ.

ಶುರು ಲಾಲ್‌ಬಾಗಿನಿಂದ. 1760ರಲ್ಲಿ ಹೈದರಾಲಿ ಇದನ್ನು ಮಾಡಿಸಲು ತೊಡಗಿದಾಗ ಅದು ಸುಮಾರು 40 ಎಕರೆಯ ಖಾಸಗಿ ತೋಟ. ಶಿರಾದಲ್ಲಿದ್ದ ಮೊಘಲ್ ಶೈಲಿಯ ತೋಟ ನೋಡಿ ಅವನಿಗೆ ಆಸೆ ಹುಟ್ಟಿತು ಅಂತ ಹೇಳುತ್ತಾರೆ. ಮಗ ಟಿಪ್ಪು ದೇಶವಿದೇಶಗಳಿಂದ ಬೀಜ, ಸಸಿ ತರಿಸಿದ. ತೋಟವೇನೋ ಚೆಂದವಾಯ್ತು, ಆದರೆ ಅದು ದೊರೆಯ ತೋಟ. ನನ್ನ ನಿಮ್ಮಂಥವರ ಮುತ್ತಜ್ಜನ ಮುತ್ತಜ್ಜ ಅದರೊಳಗೆ ಹೋಗಿದ್ದರೆ ಕೂಲಿಗೆ ನೀರು ಹೊರೋದಕ್ಕೆ ಹೋಗಿರಬೇಕು, ಬುತ್ತಿ ಬಿಚ್ಚೋದಕ್ಕಲ್ಲ.

1799ರಲ್ಲಿ ಟಿಪ್ಪು ಸತ್ತ ಮೇಲೆ ತೋಟ ಕಂಪನಿಯವರ ಕೈಗೆ ಹೋಯಿತು. ಕೈಯಿಂದ ಕೈಗೆ ಓಡಾಡಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಬಂದರು. 1874ರಲ್ಲಿ ಜಾನ್ ಕ್ಯಾಮರೂನ್ ಬಂದರು. ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಇವರೆಲ್ಲರಿಗೂ ಮುಖ್ಯವಾಗಿದ್ದು ಗಿಡ: ಯಾವ ತರಕಾರಿ ಈ ಮಣ್ಣಿಗೆ ಹೊಂದತ್ತೆ, ಯಾವ ಮರ ಲಾಭ ತರತ್ತೆ. ಜನ ನೋಡಲು ಬಂದಿದ್ದು ಅದರ ಜೊತೆಗೆ ಸಿಕ್ಕ ಫಲ. ಲಾಲ್‌ಬಾಗಿನಲ್ಲಿ ಆಗ ಪ್ರಾಣಿಗಳೂ ಇದ್ದವು. ಪಾರಿವಾಳಗಳ ಗೂಡು ಈಗಲೂ ನಿಂತಿದೆ, ಮಕ್ಕಳಿಗೆ ತೋರಿಸಿ.

1908ರಲ್ಲಿ ಬಂದವರು ಜರ್ಮನಿಯ ಕ್ರುಂಬಿಗಲ್. ನಾವು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಫೋಟೋ ಹೊಡೆಯೋ ಬೆಂಗಳೂರಿನ ಹೂಮರಗಳ ಹಿಂದೆ ಈ ಮನುಷ್ಯನ ಲೆಕ್ಕಾಚಾರ ಇದೆ. ಒಂದು ಜಾತಿ ಮರದ ಹೂವು ಉದುರೋ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಊರು ವರ್ಷವೆಲ್ಲ ಹೂ ಮುಡಿದಿರಬೇಕು ಅನ್ನೋದು ಅವರ ಯೋಜನೆ. ಇಲ್ಲೇ ಉಳಿದು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮುಂದೆ 1951ರಿಂದ ತೋಟಗಾರಿಕೆಯ ಹೊಣೆ ಹೊತ್ತ ಮರೀಗೌಡರು ಲಾಲ್‌ಬಾಗನ್ನು ರೈತರ ಜೊತೆಗೂ ಬೆಸೆದರು. 40 ಎಕರೆಯ ದೊರೆಯ ತೋಟ 240 ಎಕರೆಯ ಜನರ ತೋಟವಾಗೋದಕ್ಕೆ ಇನ್ನೂರು ವರ್ಷ ಹಿಡಿಯಿತು.

ಅಲ್ಲಿ ಎಲ್ಲಕ್ಕಿಂತ ಹಳೇದು ಮಾತ್ರ ಯಾರೂ ಮಾಡಿಸಿದ್ದಲ್ಲ. ಕೆಂಪೇಗೌಡರ ಗೋಪುರ ನಿಂತಿರೋ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿದೆ. ನನ್ನ ಮಗಳಿಗೆ ಗಾಜಿನ ಮನೆಗಿಂತ ಈ ಬಂಡೆ ಹತ್ತಿ ಜಾರೋದೇ ಹೆಚ್ಚು ಇಷ್ಟ. ಡೈನೋಸಾರ್ ಹುಟ್ಟೋದಕ್ಕೆ ಎಷ್ಟೋ ಮುಂಚೆ ಇದು ಇತ್ತು ಅಂದೆ. "ಹಂಗಾದ್ರೆ ಟಿಕೆಟ್ ಯಾರು ತಗೋತಿದ್ರು?" ಅಂದಳು.

ಇನ್ನು ಕಬ್ಬನ್ ಪಾರ್ಕ್. ಇದರ ಕಥೆ ಬೇರೆ. ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಜನ ಹೊಗೆ, ಗಲೀಜಿನಲ್ಲಿ ಸಾಯುತ್ತಿದ್ದಾಗ ಸಾರ್ವಜನಿಕರ ದುಡ್ಡಲ್ಲೇ ಸಾರ್ವಜನಿಕರಿಗೆ ಉದ್ಯಾನ ಮಾಡಬೇಕು ಅನ್ನೋ ವಿಚಾರ ಹುಟ್ಟಿತು. 1847ರಲ್ಲಿ ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್‌ನಲ್ಲಿ ಅಂಥ ಪಾರ್ಕ್ ತೆರೆಯಿತು. ಅದನ್ನು 1850ರಲ್ಲಿ ನೋಡಿಕೊಂಡು ಹೋದ ಓಮ್‌ಸ್ಟೆಡ್ ಎಂಬ ಅಮೆರಿಕನ್ ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದವರಲ್ಲಿ ಒಬ್ಬ. ಅದೇ ಅಲೆ 1870ರಲ್ಲಿ ಬೆಂಗಳೂರಿಗೂ ಬಂತು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಸುಮಾರು 100 ಎಕರೆಯಲ್ಲಿ ಪಾರ್ಕ್ ಮಾಡಿದರು. ಸ್ಯಾಂಕಿ ಕೆರೆಯ ಸ್ಯಾಂಕಿ ಇವರೇ. ಆಗ ಕಮಿಷನರ್ ಆಗಿದ್ದ ಮೀಡ್ ಹೆಸರಲ್ಲಿ ಅದು ಮೊದಲು ಮೀಡ್ಸ್ ಪಾರ್ಕ್. ಆಮೇಲೆ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಬಂತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಚಾಮರಾಜೇಂದ್ರ ಉದ್ಯಾನ ಅಂತ ಅಧಿಕೃತ ಹೆಸರಿಟ್ಟರು. ಆ ಹೆಸರಲ್ಲಿ ಆಟೋದವರನ್ನ ಕರೆದು ನೋಡಿ, ಚಾಮರಾಜಪೇಟೆಗೆ ಹೋಗಬಹುದು.

ನಮ್ಮಂಥ ಬಾಡಿಗೆ ಮನೆಯವರ ಪಾಲಿಗೆ ಕಬ್ಬನ್ ಪಾರ್ಕಿನ ದೊಡ್ಡ ವಿಷಯ ಹೆಸರಲ್ಲ. ಒಳಗೆ ಹೋಗಲು ಯಾರೂ ಏನೂ ಕೇಳಲ್ಲ ಅನ್ನೋದು. ಮೆಟ್ರೋದಲ್ಲಿ ಇಳಿದು ನಡೆದರಾಯ್ತು. ಭಾನುವಾರ ಒಳರಸ್ತೆಗಳಲ್ಲಿ ವಾಹನ ಬಿಡಲ್ಲ. ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ, ಬ್ಯಾಂಡ್‌ಸ್ಟ್ಯಾಂಡ್, ಬಾಲಭವನದ ಪುಟಾಣಿ ರೈಲು. ಬೆಂಗಳೂರಿನಲ್ಲಿ ಬೆಳೆದ ನನ್ನ ಗಂಡನಿಗೆ ಚಿಕ್ಕವನಿದ್ದಾಗ ರೈಲು ಅಂದರೆ ಇದೇ ರೈಲು. ಊರಿಗೆ ಹೋಗೋ ರೈಲನ್ನ ಅವನು ಅದಾದ ಮೇಲೆ ನೋಡಿದ್ದು.

ಈ "ಏನೂ ಕೇಳಲ್ಲ" ಅನ್ನೋದು ತಾನಾಗೇ ಉಳಿದಿಲ್ಲ. ಪಾರ್ಕ್ ಬೆಳೆದಿದ್ದೂ ಉಂಟು, ಕಟ್ಟಡಗಳಿಗೆ ಜಾಗ ಕೊಡುತ್ತಾ ಕರಗಿದ್ದೂ ಉಂಟು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂಥ ಜಾಗಗಳನ್ನು ಕಾಯೋದಕ್ಕೆ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಬಡಾವಣೆಗಳ ಪಾರ್ಕು, ಆಟದ ಮೈದಾನ, ಬಯಲುಗಳಿಗೆ 1985ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಾಯ್ದೆ ಇದ್ದರೂ ಜನ ಬೀದಿಗಿಳಿದು, ಕೋರ್ಟಿಗೆ ಹೋಗಿ ಉಳಿಸಿಕೊಂಡ ಸಂದರ್ಭಗಳಿವೆ. ನೀವು ಭಾನುವಾರ ಬೆಳಿಗ್ಗೆ ಚಾಪೆ ಹಾಸಿ ಕೂರೋ ಹುಲ್ಲಿನ ಹಿಂದೆ ಯಾರೋ ಸಹಿ ಸಂಗ್ರಹ ಮಾಡಿದ್ದಾರೆ, ಯಾರೋ ಮಳೆಯಲ್ಲಿ ಫಲಕ ಹಿಡಿದು ನಿಂತಿದ್ದಾರೆ.

ಮಾರ್ಕ್ ಕಬ್ಬನ್ ತಾನು ಮಾತ್ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಇರುತ್ತಿರಲಿಲ್ಲ. ನಂದಿಬೆಟ್ಟದ ಮೇಲೆ ಅವರಿಗೊಂದು ಬಂಗಲೆ ಇತ್ತು, ಈಗಿನ ನೆಹರು ನಿಲಯ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಇದೇ ಬೆಟ್ಟದ ಕೋಟೆಗೆ ಮುತ್ತಿಗೆ ಹಾಕಿ, 19ನೇ ತಾರೀಕು ಗೆದ್ದುಕೊಂಡಿತ್ತು. ಮಗಳು ಹುಡುಕುತ್ತಿದ್ದ ಗುಂಡು, ಫಿರಂಗಿ ಎಲ್ಲ ಇಲ್ಲಿ ನಿಜವಾಗಿ ಸಿಡಿದಿತ್ತು. ಮುತ್ತಿಗೆ ಆಗಿ ಐವತ್ತು ವರ್ಷದೊಳಗೆ ಅದೇ ಜಾಗ ಸಾಹೇಬರ ತಂಪು ಬೆಟ್ಟವಾಯಿತು. ಎತ್ತರ 1,478 ಮೀಟರ್. ಕೆಳಗಡೆ ಬೇಸಾಯದವರು ಮಳೆ ನೋಡುತ್ತಾ ಕೂತಿದ್ದರೆ ಮೇಲ್ಗಡೆ ಮೋಡ ಕಾಲಿಗೆ ತಾಗುತ್ತಿತ್ತು.

ಬೆಟ್ಟ ಸಾಮಾನ್ಯರಿಗೆ ಹತ್ತಿರವಾಗಿದ್ದು ರೈಲಿನಿಂದ. 1915ರಲ್ಲಿ ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಸಣ್ಣ ಗೇಜಿನ ಲಘು ರೈಲು ಓಡಿತು. ಹಳಿಗಳ ನಡುವೆ ಎರಡೂವರೆ ಅಡಿ ಅಂತರ, ಅಂದರೆ ಬಾಲಭವನದ ರೈಲಿನ ದೊಡ್ಡಣ್ಣ ಅಂದುಕೊಳ್ಳಿ. ಆಗ ಸಂಸ್ಥಾನದ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಹುಟ್ಟೂರು ಮುದ್ದೇನಹಳ್ಳಿ ಈ ಬೆಟ್ಟದ ಸೀಮೆಯಲ್ಲೇ ಇದೆ. ಹಳಿ ಶಿಡ್ಲಘಟ್ಟ, ಚಿಂತಾಮಣಿ ಮೂಲಕ ಕೋಲಾರದವರೆಗೆ ಕೂಡಿಕೊಂಡಿತು. ರೇಷ್ಮೆ, ಆಲೂಗಡ್ಡೆ, ಮದುವೆ ದಿಬ್ಬಣ, ಜಾತ್ರೆಗೆ ಹೋಗೋರು ಎಲ್ಲ ಅದರಲ್ಲೇ. ಶಿವರಾತ್ರಿ ಮಾರನೇ ದಿನ ಬೆಟ್ಟದ ಬುಡದ ನಂದಿಯಲ್ಲಿ ಭೋಗನಂದೀಶ್ವರನ ತೇರು. ಅಜ್ಜಿ ಚಿಕ್ಕವಳಿದ್ದಾಗ ಆ ತೇರಿಗೆ ರೈಲಿನಲ್ಲಿ ಹೋಗಿದ್ದಳಂತೆ. ಅವಳಿಗೆ ತೇರು ಅಷ್ಟು ನೆನಪಿಲ್ಲ. ಕಿಟಕಿಯಿಂದ ಇಣುಕಿ ಕಣ್ಣಿಗೆ ಇದ್ದಿಲ ಚೂರು ಬಿದ್ದದ್ದು ನೆನಪಿದೆ.

ಆ ಸಣ್ಣ ಹಳಿ ಈಗಿಲ್ಲ, ಬ್ರಾಡ್‌ಗೇಜ್ ಬಂದಿದೆ. ಆದರೆ ನಂದಿ ಹಾಲ್ಟ್ ಅನ್ನೋ ಹೆಂಚಿನ ಪುಟ್ಟ ಸ್ಟೇಷನ್ ಹಾಗೇ ಇದೆ, ಇಂಟ್ಯಾಕ್ ಅದನ್ನು ದುರಸ್ತಿ ಮಾಡಿ ಉಳಿಸಿದೆ. ದಿನಕ್ಕೆ ಬೆರಳೆಣಿಕೆಯಷ್ಟು ರೈಲು, ಆದ್ದರಿಂದ ವೇಳೆ ನೋಡಿಕೊಂಡು ಹೊರಡಬೇಕು. ಟಿಕೆಟ್ ದರ ಬೆಂಗಳೂರಿನ ಕಾಫಿ ಶಾಪಿನ ಒಂದು ಕಾಫಿಯ ಹತ್ತಿರಕ್ಕೂ ಬರಲ್ಲ. ಅಲ್ಲಿಂದ ದೇವಸ್ಥಾನಕ್ಕೆ ಮಕ್ಕಳೂ ನಡೆಯುವಷ್ಟೇ ದೂರ. ಒಂಬತ್ತನೇ ಶತಮಾನದಿಂದ ಶುರುವಾಗಿ ಒಬ್ಬರಾದ ಮೇಲೆ ಒಬ್ಬರು ಅರಸರು ಬೆಳೆಸಿದ ಗುಡಿ ಅದು. ವಿಶಾಲ ಅಂಗಳ, ನೆರಳಿನ ಕೈಸಾಲೆ, ಶೃಂಗಿತೀರ್ಥ ಅನ್ನೋ ಕಲ್ಯಾಣಿ. ಮಕ್ಕಳು ಮೆಟ್ಟಿಲು ಎಣಿಸುತ್ತಾ ಅರ್ಧ ದಿನ ಕಳೆಯುತ್ತವೆ. ಬೆಟ್ಟದ ಮೇಲೆ ಸೂರ್ಯೋದಯ ನೋಡೋಕೆ ಬೆಳಗಿನ ಜಾವ ಕಾರಿನ ಸಾಲಿನಲ್ಲಿ ನಿಲ್ಲೋ ಬದಲು ಬೆಟ್ಟದ ಬುಡದಲ್ಲಿ ಚಿತ್ರಾನ್ನದ ಡಬ್ಬಿ ಜೊತೆ ದಿನ ಕಳೆದು ನೋಡಿ. ಡಬ್ಬಿ ಮಾತ್ರ ಗುಡಿಯ ಹೊರಗೆ ಬಿಚ್ಚಿ.

ನಂದಿಬೆಟ್ಟಕ್ಕೆ ಬಂದವರಲ್ಲಿ ದುಡ್ಡು ಖರ್ಚು ಮಾಡದೆ ಸುಮ್ಮನೆ ವಿಶ್ರಾಂತಿ ತೆಗೆದುಕೊಂಡವರು ಗಾಂಧೀಜಿ. 1927ರಲ್ಲಿ ಆರೋಗ್ಯ ಕೆಟ್ಟು ಸುಮಾರು 45 ದಿನ ಇಲ್ಲಿದ್ದರು. 1936ರಲ್ಲಿ ಮತ್ತೆ ಬಂದರು. ಆಗ ಸಿ.ವಿ. ರಾಮನ್ ಬೆಟ್ಟ ಹತ್ತಿ ಬಂದು ಮಾತಾಡಿಸಿಕೊಂಡು ಹೋದರು.

1927 ಅನ್ನೋ ಇಸವಿ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಅದೇ ವರ್ಷ ಕಬ್ಬನ್ ಪಾರ್ಕಿಗೆ ಹೊಸ ಹೆಸರು. ಅದೇ ವರ್ಷ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಸಾರ್ವಜನಿಕ ಕೆರೆ, ಕಾನೂನಿನ ಪ್ರಕಾರ ಎಲ್ಲರಿಗೂ ಸೇರಿದ್ದು. ಆದರೂ ಮುಟ್ಟೋದಕ್ಕೆ ಸತ್ಯಾಗ್ರಹ ಬೇಕಾಯಿತು. ಪಾರ್ಕಿನ ಇತಿಹಾಸ ಬರೆಯುವಾಗ ಇದು ಯಾಕೆ ಅಂತೀರಾ? ಸ್ವಲ್ಪ ತಡೀರಿ, ಅಜ್ಜಿಯ ಊರು ಬರ್ತಾ ಇದೆ.

ಊರಿಗೆ ಮುಂಚೆ ಒಂದು ಬಳಸು ದಾರಿ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಯ ಹುಣಸೆ ತೋಪಿದೆ. ಬುಡ ಪೊಳ್ಳಾದ, ಮೈಯೆಲ್ಲ ಗಂಟುಗಂಟಾದ, ಎಷ್ಟೋ ಕಡೆ ಬಿದ್ದು ಅಲ್ಲಿಂದಲೇ ಮತ್ತೆ ಚಿಗುರಿದ ಮುನ್ನೂರರಷ್ಟು ಮರಗಳು. ಚೋಳರ ಕಾಲದ್ದು ಅಂತ ಊರವರು ನಂಬುತ್ತಾರೆ. ನಡುವೆ ಹಳೇ ಗುಡಿಯ ಕಲ್ಲುಗಳು. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಇಡೀ ಭಾರತದಲ್ಲಿ ಆ ಹೆಸರು ಪಡೆದ ಮೊದಲ ಜಾಗ ಇದು. ವಿಮಾನ ನಿಲ್ದಾಣಕ್ಕೆ ಇಷ್ಟು ಹತ್ತಿರವಿದೆ, ಆದರೂ ನನ್ನ ಆಫೀಸಿನಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಮರದ ಪೊಟರೆಯೊಳಗೆ ಮಗಳು ನಿಂತಳು, ಮುಖ ಮಾತ್ರ ಕಾಣ್ತಿತ್ತು. ಚೆಂಡಿನ ಕೊಳದ ನೆನಪು ಅವಳಿಗೆ ಅಲ್ಲಿ ಬರಲಿಲ್ಲ.

ಈಗ ಮಗಳ ಪ್ರಶ್ನೆಗೆ ಉತ್ತರ. ತೋಪು ಅಂದರೆ ಒಟ್ಟಾಗಿ ಬೆಳೆಸಿದ ಮರಗಳ ಗುಂಪು. ಹಳೇ ಮೈಸೂರಿನ ಕಂದಾಯ ದಾಖಲೆಗಳಲ್ಲಿ ಗೋಮಾಳ, ಕೆರೆ, ಸ್ಮಶಾನಗಳ ಹಾಗೆ ಗುಂಡು ತೋಪು ಕೂಡ ಒಂದು ಬಾಬತ್ತು. ಊರಂಚಿನಲ್ಲಿ ಮಾವು, ನೇರಳೆ, ಹುಣಸೆ, ಹೊಂಗೆ, ಹಲಸು, ಹಿಪ್ಪೆ. ಯಾರೋ ಒಬ್ಬರ ಹೆಸರಲ್ಲಿ ಅಲ್ಲ, ಊರಿನ ಹೆಸರಲ್ಲಿ. ಗಾಡಿ ಹೊಡೆದುಕೊಂಡು ಸಂತೆಗೆ ಹೋಗೋರು ಎತ್ತು ಬಿಚ್ಚಿ ತಂಗುತ್ತಿದ್ದಿದ್ದು ಅಲ್ಲೇ. ಮದುವೆಯ ಕೋಡಿ ಒಲೆ ಅಲ್ಲೇ, ನಾಟಕದ ತಾಲೀಮು ಅಲ್ಲೇ. ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ವನಭೋಜನ, ಹುಣ್ಣಿಮೆಗೆ ಬೆಳದಿಂಗಳೂಟ. ಹುಣಸೆ, ಮಾವಿನ ಫಸಲು ಹರಾಜಾದರೆ ದುಡ್ಡು ಊರಿಗೆ. ಪಾರ್ಕ್ ಅನ್ನೋ ಪದ ಬರೋದಕ್ಕೆ ಮುಂಚೆ ನಮಗೆ ಪಾರ್ಕ್ ಇರಲಿಲ್ಲ ಅನ್ನೋದು ಸುಳ್ಳು. ಅದಕ್ಕೆ ಗೇಟು, ಟೈಮಿಂಗು ಮತ್ತು "ಹುಲ್ಲಿನ ಮೇಲೆ ನಡೆಯಬಾರದು" ಅನ್ನೋ ಬೋರ್ಡು ಇರಲಿಲ್ಲ ಅಷ್ಟೆ.

ಇಷ್ಟು ಬರೆದು ಇಲ್ಲಿಗೆ ನಿಲ್ಲಿಸಿದ್ದರೆ ಫಾರ್ವರ್ಡ್ ಮಾಡೋಕೆ ಯೋಗ್ಯವಾದ ಒಂದು ಚೆಂದದ ಲೇಖನ ಆಗ್ತಿತ್ತು: ಹಳ್ಳಿ ಸ್ವರ್ಗ, ನಗರ ನರಕ. ನಾನು ಅದೇ ಉತ್ಸಾಹದಲ್ಲಿ ಅಜ್ಜಿಯನ್ನು ಕೇಳಿದೆ. "ಅಜ್ಜಿ, ನೀನು ಚಿಕ್ಕವಳಿದ್ದಾಗ ತೋಪಲ್ಲಿ ಏನೇನು ಆಡ್ತಿದ್ದೆ?"

ಅಜ್ಜಿ ಅವರೆಕಾಯಿ ಸುಲಿಯೋದನ್ನ ನಿಲ್ಲಿಸಲಿಲ್ಲ. "ತೋಪಲ್ಲಿ ನಾನು ಕೂತಿದ್ದು ಯಾವತ್ತು? ಸೌದೆ ಹೊತ್ಕೊಂಡು ದಾಟಿದ್ದು ಅಷ್ಟೇ. ಕೂರೋರು ಗಂಡಸ್ರು. ಹೆಣ್ಮಕ್ಳು ನಿಂತ್ರೆ, ಯಾರ ಮನೆಯೋಳು ಅಂತ ಕೇಳೋರು."

ಸ್ವಲ್ಪ ಹೊತ್ತು ಬಿಟ್ಟು ಅವಳೇ ಇನ್ನೊಂದು ಮಾತು ಸೇರಿಸಿದಳು. "ನಮ್ಮನ್ನಾದ್ರೂ ದಾಟೋಕೆ ಬಿಡ್ತಿದ್ರು. ಕೆಳಗೇರಿಯೋರು ಕಟ್ಟೆ ಹತ್ರ ಬರೋ ಹಂಗೇ ಇರ್ಲಿಲ್ಲ. ಗಾಡಿ ಇದ್ರೂ ಅವ್ರು ಆಚೆ ಬಿಸಿಲಲ್ಲೇ ಬಿಡ್ಬೇಕಿತ್ತು. ಅದನ್ನ ಬರಿ."

ಬರೆದಿದ್ದೀನಿ ಅಜ್ಜಿ.

ಮಹಾಡ್ ಯಾಕೆ ನೆನಪಾಯಿತು ಅಂತ ಈಗ ಗೊತ್ತಾಗಿರಬೇಕು. ಊರಿನ ಹೆಸರಲ್ಲಿ ಇದ್ದಿದ್ದು ಊರಿನ ಎಲ್ಲರಿಗೂ ಇರಲಿಲ್ಲ. ಸಾಹೇಬರು ತಮ್ಮ ಗಾಳಿ ಸವಾರಿಗೆ ಅಂತ ಮಾಡಿಕೊಂಡ ಪಾರ್ಕು ಕಾಲ ಕಳೆದಂತೆ ಎಲ್ಲರದೂ ಆಯಿತು. ಇದು ವಿಚಿತ್ರ ಅನ್ನಿಸಬಹುದು, ಆದರೆ ಕಾರಣ ಸರಳ. ಹಳ್ಳಿಯ ಕಟ್ಟೆಯ ಮೇಲೆ ಕೂತರೆ ಎಲ್ಲರಿಗೂ ನೀವು ಯಾರು ಅಂತ ಗೊತ್ತು. ಕಬ್ಬನ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಬ್ಬಳೇ ಹೆಂಗಸು ಪುಸ್ತಕ ಓದುತ್ತಾ ಕೂರಬಹುದು. ಮಧ್ಯಾಹ್ನ ಕೆಲಸ ಮುಗಿಸಿದ ಪೌರಕಾರ್ಮಿಕರು ಬುತ್ತಿ ಬಿಚ್ಚಬಹುದು. ನಗರದ ಪಾರ್ಕ್ ಕೊಡೋ ದೊಡ್ಡ ಉಡುಗೊರೆ ಆಮ್ಲಜನಕ ಅಲ್ಲ, "ಯಾರ ಮನೆಯೋಳು?" ಅಂತ ಕೇಳದೆ ಇರೋದು.

ಅದಕ್ಕೇ ಈಗ ನನಗೆ ಹೊಟ್ಟೆ ಉರಿಯೋದು ಎರಡು ಕಡೆಯಿಂದ. ಒಂದು, ನಮ್ಮ ಬಡಾವಣೆಗಳು. ಬೆಂಗಳೂರಿನ ಎಷ್ಟೋ ಕಡೆ ಪಾರ್ಕು ಅಂದರೆ ಸುತ್ತ ಗ್ರಿಲ್, ನಡುವೆ ವಾಕಿಂಗ್ ಪಥ, ಒಂದು ಉದ್ದನೆಯ ಬೋರ್ಡು. ಚೆಂಡಾಟ ಬೇಡ, ಸೈಕಲ್ ಬೇಡ, ತಿಂಡಿ ಬೇಡ, ಮಲಗಬೇಡಿ. ಬಹಳ ಕಾಲ ಬೆಳಿಗ್ಗೆ ಹತ್ತರ ಹೊತ್ತಿಗೆ ಬೀಗ ಹಾಕಿ ಸಂಜೆ ತೆಗೆಯುತ್ತಿದ್ದರು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ತೀರ್ಮಾನ ಆಯಿತು. ಒಳ್ಳೇದೇ. ಆದರೆ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಒಬ್ಬ ಹಿರಿಯರು ನನ್ನ ಮಗಳಿಗೆ "ಇದು ಆಟ ಆಡೋ ಜಾಗ ಅಲ್ಲಮ್ಮ" ಅಂದಿದ್ದನ್ನ, ಇನ್ನೊಬ್ಬರು ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕನ ಮಗನಿಗೆ "ನೀನು ಯಾವ ಅಪಾರ್ಟ್‌ಮೆಂಟು?" ಅಂತ ಕೇಳಿದ್ದನ್ನ ನಾನು ಕಿವಿಯಾರೆ ಕೇಳಿದ್ದೀನಿ. ಹಳ್ಳಿಯ ಕಟ್ಟೆಯ ಅದೇ ಪ್ರಶ್ನೆ ಗ್ರಿಲ್ ಹಾರಿ ಇಲ್ಲಿಗೂ ಬಂದಿದೆ.

ಇನ್ನೊಂದು ಕಡೆ ಹಳ್ಳಿ. ಕಟ್ಟೆಯ ಮೇಲಿನ ನಿಷೇಧ ನಿಧಾನಕ್ಕೆ ಸಡಿಲವಾಗ್ತಾ, ಎಲ್ಲರೂ ಕೂರಬಹುದಾದ ಕಾಲ ಬಂತು ಅನ್ನುವಷ್ಟರಲ್ಲಿ ಕೂರೋದಕ್ಕೆ ತೋಪೇ ಉಳಿದಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ, ಸೀಮಾ ಮುಂಡೋಳಿ ಮೊದಲಾದವರು ಬೆಂಗಳೂರಿನ ಸುತ್ತಲಿನ ಗುಂಡು ತೋಪುಗಳನ್ನು ಹುಡುಕಿಕೊಂಡು ಹೋಗಿ ಬರೆದಿದ್ದಾರೆ. ದಾಖಲೆಯಲ್ಲಿ ತೋಪು ಅಂತ ಇರೋ ಕಡೆ ಹೋದರೆ ಕಟ್ಟಡ, ರಸ್ತೆ, ಶಾಲೆ. ಅಜ್ಜಿಯ ಊರಲ್ಲೂ ಹಾಗೇ. ಪಂಚಾಯಿತಿಯ ನೀರಿನ ಟ್ಯಾಂಕು ತೋಪಿನಲ್ಲಿ, ಅಂಗನವಾಡಿ ತೋಪಿನಲ್ಲಿ, ಬಸ್ಸು ತಿರುಗಿಸೋದು ತೋಪಿನಲ್ಲಿ. ಒಂದೊಂದೂ ಬೇಕಾದದ್ದೇ. ಆದರೆ ಬೇಕಾದದ್ದನ್ನೆಲ್ಲ ಎಲ್ಲರ ಜಾಗದಲ್ಲೇ ಮಾಡಿ, ಯಾರ ಜಾಗವನ್ನೂ ಮುಟ್ಟದೆ ಬಿಟ್ಟರೆ ಕೊನೆಗೆ ಎಲ್ಲರ ಜಾಗ ಅನ್ನೋದು ದಾಖಲೆಯಲ್ಲಿ ಮಾತ್ರ ಇರತ್ತೆ. 2011ರಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ಜಮೀನುಗಳ ಒತ್ತುವರಿ ತೆರವು ಮಾಡಿ ಗ್ರಾಮಸ್ಥರ ಬಳಕೆಗೆ ಉಳಿಸಬೇಕು ಅಂತ ರಾಜ್ಯಗಳಿಗೆ ಹೇಳಿತು. ತೀರ್ಪಿನ ಕೆಳಗೆ ನೆರಳಿಲ್ಲ, ಮರದ ಕೆಳಗೇ ಇರೋದು.

ಇನ್ನೂ ದೊಡ್ಡ ಪ್ರಶ್ನೆ ಊರ ಸುತ್ತ ಇದೆ. ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶಕ್ಕಾಗಿ ಎರಡು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ಸ್ವಾಧೀನದ ಪ್ರಸ್ತಾವ ಬಂದಿದೆ. ಕೊಡ್ತೀವಿ ಅನ್ನೋರು ಇದ್ದಾರೆ, ಕೊಡಲ್ಲ ಅನ್ನೋರು ಇದ್ದಾರೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಸಾವಿರ ದಿನಕ್ಕೂ ಹೆಚ್ಚು ಹೋರಾಡಿದ ಮೇಲೆ 2025ರ ಜುಲೈನಲ್ಲಿ ಸರ್ಕಾರ ಅಲ್ಲಿನ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ನಗರದಲ್ಲಿ ಸಂಬಳ ತಗೊಂಡು ಕೂತ ನಾನು, ನನ್ನ ಮಗಳಿಗೆ ಹಸಿರು ನೋಡೋಕೆ ಬೇಕು, ನೀವು ಹಿಪ್ಪುನೇರಳೆ ಬೆಳೀತಾ ಇರಿ ಅಂತ ಅವರಿಗೆ ಹೇಳೋದು ನಾಚಿಕೆಗೇಡು. ಮಾರೋದೋ ಬಿಡೋದೋ ಅವರು ನಿರ್ಧರಿಸಬೇಕು. ನಾನು ಕೇಳೋದು ಇಷ್ಟೇ. ನಕ್ಷೆ ಯಾರೇ ಬರೆಯಲಿ, ಅದರಲ್ಲಿ ಕೆರೆ, ತೋಪು, ಗೋಮಾಳ ಅನ್ನೋ ಬಣ್ಣಗಳು ಖಾಲಿ ಜಾಗ ಅಲ್ಲ ಅಂತ ಯಾರಾದರೂ ಜೋರಾಗಿ ಓದಿ ಹೇಳಬೇಕು.

ಈ ಸೀಮೆಯಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ಎಲ್ಲ ಕೆರೆಗಳೇ. ಈಗ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಕೆರೆಗಳಿಗೆ ಬರ್ತಾ ಇದೆ. ಅಂದರೆ ನಾವು ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರು. ಅದು ಸಾಕಷ್ಟು ಶುದ್ಧವೋ ಅಲ್ಲವೋ ಅನ್ನೋ ಜಗಳ ಇನ್ನೂ ನಡೀತಿದೆ. ಆ ಕೆರೆಗಳ ದಂಡೆಯಲ್ಲಿ ಕೂತು ಕೊಕ್ಕರೆ ಎಣಿಸೋಕೆ ಹೋಗೋ ನಮಗೂ ಆ ನೀರಿಗೂ ಸಂಬಂಧ ಇದೆ ಅಂತ ಮಕ್ಕಳಿಗೆ ಹೇಳೋದು ಒಳ್ಳೇದು.

ಆ ದಿನ ಊರು ಬಿಡೋ ಮುಂಚೆ ನಾವು ತೋಪಿಗೆ ಹೋದ್ವಿ. ಎಂಟು ಮರ ಉಳಿದಿವೆ: ಐದು ಹುಣಸೆ, ಎರಡು ಹೊಂಗೆ, ಒಂದು ನೇರಳೆ. ಅಜ್ಜಿ ಮೊದಲು ಬರಲ್ಲ ಅಂದಳು, ಮಗಳು ಕೈ ಹಿಡಿದು ಎಳೆದಳು. ಮನೆಯಿಂದ ಚಾಪೆ, ಪುಳಿಯೋಗರೆ, ಒಂದು ಚೊಂಬು ಮಜ್ಜಿಗೆ ತಂದಿದ್ವಿ. ಅಂಗನವಾಡಿಯ ನಾಲ್ಕು ಮಕ್ಕಳು ಬಂದು ಮಗಳಿಗೆ ಕುಂಟೆಬಿಲ್ಲೆ ಕಲಿಸಿದರು. ಯಾರ ಮನೆ ಮಕ್ಕಳು ಅಂತ ಕೇಳಬೇಕು ಅನ್ನಿಸಿ, ಬಾಯಿವರೆಗೆ ಬಂದಿದ್ದನ್ನ ನುಂಗಿಕೊಂಡೆ. ಅವರಿಗೂ ಪುಳಿಯೋಗರೆ ಹಂಚಿದೆವು. ಹುಣಸೆಕಾಯಿಗೆ ಕಲ್ಲು ಹೊಡೆದು ಒಂದೂ ಬೀಳಲಿಲ್ಲ.

ಅಜ್ಜಿ ಬೊಡ್ಡೆಗೆ ಒರಗಿ ಕಾಲು ಚಾಚಿ ಕೂತಳು. ಎಂಬತ್ತಾರು ವರ್ಷ. "ಇಷ್ಟು ತಂಪಾಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ ಕಣಮ್ಮ" ಅಂದಳು.

ವಾಪಸ್ ಬರೋವಾಗ ಮಗಳು ಮತ್ತೆ ಕೇಳಿದಳು, ಫಿರಂಗಿ ಎಲ್ಲಿತ್ತು ಅಂತ. ಇರಲಿಲ್ಲ ಅಂದೆ. "ಮತ್ತೆ ಬರೋಣ್ವಾ?" ಅಂದಳು. ಆ ದಿನದ ಖರ್ಚಿನ ಲೆಕ್ಕ ಹಾಕಿದೆ: ಪೆಟ್ರೋಲ್ ಬಿಟ್ಟರೆ ವಿಜಯಪುರದಲ್ಲಿ ಕೊಂಡ ಕಡಲೆಪುರಿ, ಇಪ್ಪತ್ತು ರೂಪಾಯಿ. ಮುಂದಿನ ತಿಂಗಳು ಮತ್ತೆ ಹೋಗ್ತೀವಿ. ಈ ಸಲ ನಂದಿ ಹಾಲ್ಟ್‌ವರೆಗೆ ರೈಲು, ಅಲ್ಲಿಂದ ಮುಂದೆ ಬಸ್ಸು. ಅಜ್ಜಿಗೆ ಮೊದಲೇ ಫೋನ್ ಮಾಡಿ ಹೇಳಿದ್ದೀನಿ. ಚಾಪೆ ಅವಳೇ ತರ್ತಾಳಂತೆ.